ಮಳೆ ಇಲ್ಲವೆಂದು ತಿಳಿದುಬಂದಿದೆ

"ಗುರುಗಳೇ, ನಾಳೆಯಿಂದ ಪ್ರವಚನ ನೀನೇ ಮಾಡು ಅಂದಿರಿ. ಇಷ್ಟು ವರ್ಷ ನಿಮ್ಮ ಮಾತನ್ನೇ ಬಾಯಿಪಾಠ ಮಾಡಿ ಒಪ್ಪಿಸಿದವನು ನಾನು. ಇನ್ನು ಮುಂದೆ ಆಡುವ ಮಾತಿನಲ್ಲಿ ನನ್ನದು ಯಾವುದು, ನನ್ನದಲ್ಲದ್ದು ಯಾವುದು ಎಂದು ಹೇಗೆ ಗೊತ್ತಾಗಬೇಕು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಬಾಯೊಳಗಿನ ಎಲೆಯಡಿಕೆಯನ್ನು ಬಲದವಡೆಯಿಂದ ಎಡದವಡೆಗೆ ದಾಟಿಸಿದರು.

"ಒಂದು ಕತೆ ಹೇಳುತ್ತೇನೆ. ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಮಾತ್ರ ಕೇಳಬೇಡ, ನನಗೂ ಮರೆತುಹೋಗಿದೆ," ಎಂದು ಶುರುಮಾಡಿದರು.

ಒಂದು ನದಿ. ಈಚೆ ದಂಡೆಯ ಮೇಲೆ ಒಂದು ದೇಶದ ಸೈನ್ಯ, ಆಚೆ ದಂಡೆಯ ಮೇಲೆ ಇನ್ನೊಂದು ದೇಶದ್ದು. ಎರಡೂ ಕಡೆಯವರ ಭಾಷೆ ಒಂದೇ. ಬೈದಾಡುವುದಕ್ಕೆ ಅನುಕೂಲವಾಗಲಿ ಎಂದಿರಬೇಕು. ಬೇಸಗೆ ಬಂದು ನದಿ ಒಂದು ಎಳೆಯಾಗಿ ಹರಿಯುತ್ತಿತ್ತು. ಬಿಸಿಲಿಗೆ ಯುದ್ಧವೂ ತೂಕಡಿಸುತ್ತಿತ್ತು.

ಈಚೆಯ ಸೈನ್ಯದಲ್ಲಿ ವಾರ್ತೆ ಓದುವವನೊಬ್ಬನಿದ್ದ. ಅವನಿಗೆ ಬಂದೂಕು ಕೊಟ್ಟಿರಲಿಲ್ಲ, ಮೈಕು ಕೊಟ್ಟಿದ್ದರು. ದಿನಾ ಸಂಜೆ ಡೇರೆಯಲ್ಲಿ ಕೂತು ಸೈನ್ಯದ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ. ಕೆನೆಗಟ್ಟಿದ ಹಾಲಿನಂಥ ದನಿ. ದನಿಗೆ ನದಿ ಅಡ್ಡವೇ? ಆಚೆ ದಂಡೆಯವರೂ ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂರುತ್ತಿದ್ದರು.

ಯುದ್ಧದ ವಾರ್ತೆಯನ್ನು ಮೇಲಧಿಕಾರಿ ಬರೆದು ಕಳಿಸುತ್ತಿದ್ದ. 'ಶತ್ರುಗಳು ಕಂಗೆಟ್ಟಿದ್ದಾರೆಂದು ತಿಳಿದುಬಂದಿದೆ. ಶತ್ರುಗಳ ಬಳಿ ಅಕ್ಕಿ ಮುಗಿದಿದೆಯೆಂದು ತಿಳಿದುಬಂದಿದೆ.' ಯಾರಿಗೆ ತಿಳಿಯಿತು, ಎಲ್ಲಿಂದ ಬಂತು ಎಂದು ಇವನು ಕೇಳಿದವನಲ್ಲ. ಆಚೆಯವರು ಬಿಸಿ ಅನ್ನ ಕಲಸುತ್ತಲೇ ಅದನ್ನು ಕೇಳಿ ನಗುತ್ತಿದ್ದರು.

ಹವಾಮಾನಕ್ಕೆ ಮಾತ್ರ ಕಾಗದವಿರಲಿಲ್ಲ. ಇವನೇ ಡೇರೆಯಿಂದ ತಲೆ ಹೊರಹಾಕಿ ಆಕಾಶ ನೋಡಿಬಂದು, 'ಮಳೆ ಬರುತ್ತದೆ, ಒಣಹಾಕಿದ ಬಟ್ಟೆ ತೆಗೆದುಕೊಳ್ಳಿ' ಎನ್ನುತ್ತಿದ್ದ. ಅಷ್ಟೇ. ಅದನ್ನು ಕೇಳಿ ಯಾರೂ ನಗುತ್ತಿರಲಿಲ್ಲ. ಆ ಮುಸ್ಸಂಜೆ ಬೆಳಕಿನಲ್ಲಿ ಎರಡೂ ದಂಡೆಯ ಅಂಗಿಗಳು ಒಂದೇ ಸಲಕ್ಕೆ ಹಗ್ಗ ಬಿಟ್ಟು ಕೊಕ್ಕರೆಗಳ ಹಾಗೆ ಹಾರಿಹೋಗುತ್ತಿದ್ದವಂತೆ. ನಾನು ನೋಡಿಲ್ಲ, ಆದರೆ ನೋಡಿದ ಹಾಗೆ ನೆನಪಿದೆ.

ಒಂದು ಸಂಜೆ ಆಚೆಯ ಸೈನ್ಯ ನದಿಗೆ ಇಳಿಯಿತು. ಬೆಳಗಾಗುತ್ತಲೇ ದಾಟಿಬಿಡುವುದೆಂದು ಮರಳಿನ ಮೇಲೆಯೇ ಕಂಬಳಿ ಹಾಸಿತು. ಅದನ್ನು ನೋಡಿ ಮೇಲಧಿಕಾರಿ ನೇರ ಇವನ ಡೇರೆಗೆ ಬಂದ.

"ಮೇಲೆ ಬೆಟ್ಟದಲ್ಲಿ ಮೋಡ ಒಡೆದಿದೆ. ಬೆಳಗಿನೊಳಗೆ ಹೊಳೆ ತುಂಬುತ್ತದೆ. ಇವತ್ತು ಮಳೆ ಇಲ್ಲ ಅಂತ ಹೇಳು. ನಿನ್ನ ಮಾತು ನಂಬಿ ಅಲ್ಲೇ ಮಲಗುತ್ತಾರೆ."

"ಮಲಗಿದರೆ ಏಳುವುದಿಲ್ಲ ಸಾರ್."

"ಮತ್ತೆ? ಜೋಗುಳ ಹಾಡಲಿ ಅಂತ ನಿನ್ನನ್ನು ಸಾಕಿದ್ದೇನಯ್ಯಾ?"

ಮೇಲಧಿಕಾರಿ ಬೆನ್ನ ಹಿಂದೆಯೇ ನಿಂತ. ಇವನು ಕಾಗದದಲ್ಲಿದ್ದ ವಾರ್ತೆಯನ್ನೆಲ್ಲ ಓದಿದ. ಓದುತ್ತ ಓದುತ್ತ ಅವನಿಗೊಂದು ಮಂಪರು ಕವಿಯಿತು. ತಾನೇ ಮರಳಿನ ಮೇಲೆ ಅಂಗಾತ ಮಲಗಿದ್ದೇನೆ, ಮೇಲೆ ಒಂದೊಂದೇ ಚುಕ್ಕಿ ಮೂಡುತ್ತಿದೆ, ಯಾರದೋ ದನಿ ದೂರದಿಂದ ತೇಲಿಬರುತ್ತಿದೆ ಎನ್ನಿಸಿತು. ಆ ದನಿ, 'ಇವತ್ತು ಮಳೆ ಇಲ್ಲ' ಎಂದಿತು. ಒಂದು ಉಸಿರು ನಿಂತಿತು. ಆಮೇಲೆ, 'ಎಂದು ತಿಳಿದುಬಂದಿದೆ' ಎಂದಿತು.

ಮೇಲಧಿಕಾರಿ ಬೆನ್ನು ತಟ್ಟಿದ. "ಭೇಷ್! ಕೊನೆಗೆ ಸೇರಿಸಿದೆಯಲ್ಲ, ಅದರಿಂದ ಮಾತಿಗೆ ತೂಕ ಬಂತು."

ಆಚೆ, ಮರಳಿನ ಮೇಲೆ, ಒಬ್ಬ ಎದ್ದು ಕೂತ. ಕಂಬಳಿ ಸುತ್ತಿದ. ಅವನನ್ನು ನೋಡಿ ಪಕ್ಕದವನೂ ಸುತ್ತಿದ. ಅಪ್ಪಣೆ ಕೊಟ್ಟವರು ಯಾರೂ ಇಲ್ಲ. ಬೆಳಗಾದಾಗ ನದಿ ಈ ದಂಡೆಯಿಂದ ಆ ದಂಡೆಗೆ ಮುಟ್ಟಿ ಹರಿಯುತ್ತಿತ್ತು. ಬೇರು ಸಮೇತ ಮರಗಳು ಹೋದವು. ಒಂದು ಟೋಪಿಯೂ ತೇಲಿಹೋಗಲಿಲ್ಲ.

ಆಮೇಲೆ ಯುದ್ಧ ಮುಗಿಯಿತು. ಎರಡು ದೇಶಗಳೂ ಒಂದಾದವೋ, ಇಲ್ಲವೇ ಬೇರೆಯಾಗಿದ್ದದ್ದನ್ನೇ ಮರೆತವೋ, ಎರಡರಲ್ಲಿ ಒಂದು. ಸೈನ್ಯ ಇವನಿಗೊಂದು ಕಬ್ಬಿಣದ ಟ್ರಂಕು ಕೊಟ್ಟು ಕಳಿಸಿತು. ಗೊತ್ತಿದ್ದದ್ದು ವಾರ್ತೆ ಓದುವ ಕೆಲಸವೊಂದೇ. ಟ್ರಂಕು ಹೊತ್ತುಕೊಂಡು ಊರೂರಿನ ಆಕಾಶವಾಣಿ ಅಲೆದ. ಎಲ್ಲರೂ ದನಿಗೆ ತಲೆದೂಗುತ್ತಿದ್ದರು. ಮೊದಲು ಎಲ್ಲಿದ್ದೆ ಎಂದು ಕೇಳುತ್ತಿದ್ದರು. ಸೈನ್ಯದ ರೇಡಿಯೋ ಎಂದರೆ ಸಾಕು, "ಹೋಗಪ್ಪ, ನಮ್ಮದು ನಿಜದ ವಾರ್ತೆ" ಎನ್ನುತ್ತಿದ್ದರು. ದಿನ ಕಳೆದಂತೆ ಅವನಿಗೂ ತನ್ನ ಗಂಟಲಿನ ಮೇಲೆ ನಂಬಿಕೆ ಹೋಯಿತು. ಅದರಲ್ಲಿ ತನ್ನದೆನ್ನುವುದು ಏನಾದರೂ ಉಳಿದಿದೆಯೇ ಎಂದು ಅನುಮಾನ ಬಂತು.

ಕೊನೆಗೆ ನದಿ ದಾಟಿ ಆಚೆ ಕಡೆಯ ಊರಿಗೆ ಹೋದ. ಇಲ್ಲಿಯೂ ಬೇಡವೆಂದರೆ ಬಾಯಿ ಮುಚ್ಚಿಕೊಂಡು ಮೂಟೆ ಹೊರುವುದೆಂದು ನಿಶ್ಚಯಿಸಿದ್ದ. ಅಲ್ಲಿಯ ಆಕಾಶವಾಣಿ ನಿಲಯದ ಮುಖ್ಯಸ್ಥ ಕಣ್ಣು ಮುಚ್ಚಿಕೊಂಡು ಇವನ ಓದು ಕೇಳಿದ. ಓದು ಮುಗಿದ ಮೇಲೆ ಕಣ್ಣು ತೆರೆದ.

"ಈ ದನಿ ನನಗೆ ಗೊತ್ತು. ಆವತ್ತು ಸಂಜೆ ಮರಳಿನ ಮೇಲೆ ನಾನೂ ಮಲಗಿದ್ದೆ. ಒಂದೇ ಪ್ರಶ್ನೆ ಕೇಳುತ್ತೇನೆ. ಆ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದಿರೋ, ರೂಢಿಯಲ್ಲಿ ಬಾಯಿಗೆ ಬಂತೋ?"

ಬೇಕೆಂದೇ ಸೇರಿಸಿದೆ ಎಂದರೆ ಕೆಲಸ ಸಿಕ್ಕಂತೆ. ಅಷ್ಟೇ ಏಕೆ, ಹಾರವೂ ಬೀಳುತ್ತಿತ್ತು. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇವನು ತಲೆ ಹೊರಹಾಕಿ ಆಕಾಶ ನೋಡಿದವನ ಹಾಗೆ ತನ್ನೊಳಗೆ ಒಮ್ಮೆ ನೋಡಿಬಂದ. ಅಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

"ಗೊತ್ತಿಲ್ಲ ಸಾರ್," ಎಂದ. ಎಂದವನೇ ಟ್ರಂಕಿನ ಹಿಡಿಗೆ ಕೈಹಾಕಿದ.

"ಅದನ್ನು ಅಲ್ಲೇ ಇಡಿ. ವಾರ್ತೆ ಓದಲು ಈ ಕುರ್ಚಿಯಲ್ಲಿ ಕೂತವರೆಲ್ಲ ಎಲ್ಲ ಗೊತ್ತು ಅಂದರು. ಸಂಜೆಯ ವಾರ್ತೆ ನೀವೇ ಓದಿ."

ಗುರುಗಳು ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ.

"ಕೆಲಸವೇನೋ ಸಿಕ್ಕಿತು ಗುರುಗಳೇ. ಆದರೆ ಆ ಮಾತು ಅವನದೋ, ಬರೀ ಬಾಯಿಪಾಠವೋ? ಅವನಿಗೇ ಗೊತ್ತಿಲ್ಲ ಎಂದರೆ ನಾನು ಯಾರನ್ನು ಕೇಳಲಿ?"

"ಆಡಿದವನನ್ನು ಏನು ಕೇಳುತ್ತೀಯಪ್ಪ, ಕೇಳಿ ಬದುಕಿದವನನ್ನು ಕೇಳು."