ಹೊಳೆಯ ಕಡೆಗೆ ಇಟ್ಟ ಲೈಟು

"ಗುರುಗಳೇ, ಲೈಟು ಅಂದರೆ ಯಾವುದು?" ಎಂದು ಇಂದುಧರ ಕೇಳಿದ. "ಬಲ್ಬೂ ಲೈಟೇ, ಕರೆಂಟೂ ಲೈಟೇ. ಸೀರೆಯ ತಿಳಿ ಬಣ್ಣ ಲೈಟು, ಪುಡಿ ಕಡಿಮೆ ಹಾಕಿದ ಚಹಾ ಲೈಟು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುವುದಕ್ಕೂ ಲೈಟಾಗಿ ತಗೋ ಅನ್ನುತ್ತಾರೆ. ಒಂದೇ ಮಾತಿಗೆ ಇಷ್ಟು ಅರ್ಥವಿದ್ದರೆ, ಆಡಿದವನ ಮನಸ್ಸಿನಲ್ಲಿರುವುದು ಯಾವುದೆಂದು ಕೇಳಿದವನು ತಿಳಿಯುವುದು ಹೇಗೆ?"

ಗುರುಗಳ ಮುಖ ಅರಳಿತು. ಕತೆಗೊಂದು ನೆಪ ಸಿಕ್ಕರೆ ಅವರಿಗೆ ಊಟದ ಹೊತ್ತೂ ಮರೆತುಹೋಗುತ್ತಿತ್ತು. "ಒಬ್ಬ ಅಂಬಿಗ, ಒಬ್ಬ ವ್ಯಾಪಾರಿ. ಅಂಬಿಗ ಏನು ಮಾಡಿದ ಎಂದು ನೀನೇ ಊಹಿಸಬೇಕು, ಆಯಿತೇ?" ಎಂದು ಶುರುಮಾಡಿದರು.

ಅಗಲವಾದ ಹೊಳೆ. ಈ ದಡದಲ್ಲಿ ಅಂಬಿಗನ ಗುಡಿಸಲು, ಆ ದಡದಲ್ಲಿ ಊರು. ಕೂಗಿದರೆ ಕೇಳಿಸದು. ಸಂಜೆಯ ಮೇಲೆ ಯಾರಿಗಾದರೂ ದಾಟಬೇಕಾದರೆ ದಡದಲ್ಲಿ ಒಂದು ಬೆಳಕು ಇಡುವರು. ಅಂಬಿಗ ದೋಣಿ ತರುವನು. ಅದಕ್ಕೇ ಆ ಊರಿನವರು ಹೊಳೆಗೆ ಕಾಣುವಂತೆ ಸುಮ್ಮನೆ ದೀಪ ಇಡುತ್ತಿರಲಿಲ್ಲ.

ಹೊಸದಾಗಿ ಬಂದ ವ್ಯಾಪಾರಿಗೆ ಇದು ತಿಳಿಯದು. ಊರಿನ ದಡದಲ್ಲೇ ಮನೆ ಕಟ್ಟಿಸಿ ಜಗಲಿಗೆ ಗ್ಯಾಸ್ ಲೈಟು ತೂಗುಹಾಕಿದ. ಅರ್ಧ ಗಳಿಗೆಯಲ್ಲಿ ಅಂಬಿಗ ಬಂದು ನಿಂತ.

"ಯಾರು ದಾಟಬೇಕು, ಸಾಹುಕಾರ್ರೇ?"

"ಯಾರೂ ಇಲ್ಲ ಮಾರಾಯ, ಇದು ಅಂದಕ್ಕೆ ಹಾಕಿದ ಲೈಟು. ನನ್ನ ಜಗಲಿ, ನನ್ನ ಲೈಟು. ನೀನು ಹೋಗಿ ಮಲಗು."

ಗುರುಗಳು ಇಲ್ಲಿ ನಿಲ್ಲಿಸಿದರು. "ಮರುದಿನವೂ ಲೈಟು ಉರಿಯಿತು. ಅಂಬಿಗ ಏನು ಮಾಡಿದ, ಹೇಳು ನೋಡೋಣ?"

"ಇನ್ನೇನು, ಕಾಲು ಚಾಚಿ ಮಲಗಿರುತ್ತಾನೆ."

"ತಪ್ಪು!" ಗುರುಗಳು ತೊಡೆ ತಟ್ಟಿ ನಕ್ಕರು. "ಹೋದ. ಅದರ ಮರುದಿನವೂ ಹೋದ. ಮಳೆಗಾಲ ಕಳೆದರೂ ಹೋಗುತ್ತಲೇ ಇದ್ದ."

ವ್ಯಾಪಾರಿಗೆ ಮೊದಮೊದಲು ತಮಾಷೆ, ಆಮೇಲೆ ಬೇಸರ. "ನಿನಗೇನು ತಲೆ ಕೆಟ್ಟಿದೆಯೇ? ಅಂದಕ್ಕೆ ಎಂದು ಹೇಳಿಲ್ಲವೇ?" ಎಂದು ರೇಗಿದ.

"ಹೇಳಿದಿರಿ. ಆದರೆ ಅಂದದ ಬೆಳಕೋ ಕಷ್ಟದ ಬೆಳಕೋ, ಆ ದಡದಿಂದ ಎರಡೂ ಒಂದೇ ಥರ ಕಾಣುತ್ತವೆ ಸಾಹುಕಾರ್ರೇ. ಅಂದದ ಬೆಳಕಾದರೆ ನನ್ನ ತೋಳು ನೋಯುತ್ತದೆ, ಅಷ್ಟೇ."

ವ್ಯಾಪಾರಿಯ ಹೆಂಡತಿ ಬಸುರಿ. ಒಂದು ಸಂಜೆ, ದಿನ ತುಂಬುವ ಮೊದಲೇ, ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಇದ್ದದ್ದು ಅಂಬಿಗನ ದಡದಲ್ಲಿ. ವ್ಯಾಪಾರಿ ನೀರಿನಂಚಿಗೆ ಓಡಿದ, ಕೂಗಿದ, ಲೈಟು ಬಿಚ್ಚಿ ತಂದು ಬೀಸಿದ. ದಿನವೂ ಬರುವ ಹೊತ್ತು ಮೀರಿತು, ದೋಣಿ ಇಲ್ಲ. ಕೈಯಲ್ಲಿದ್ದ ಬೆಳಕನ್ನು ನೋಡಿ ಅವನಿಗೆ ಅಳು ಬಂತು. ಇಷ್ಟು ದಿನ ಸುಳ್ಳು ಹೇಳಿಸಿದ ಲೈಟನ್ನು ಇವತ್ತು ಯಾರು ನಂಬುತ್ತಾರೆ?

ಆಗ ಬೆನ್ನ ಹಿಂದೆ, ಊರಿನ ಕಡೆಯಿಂದ, ಅಂಬಿಗ ಏದುಸಿರು ಬಿಡುತ್ತಾ ಬಂದ. ಅವನ ದನಿ ಬಿದ್ದುಹೋಗಿತ್ತು.

"ಯಾರು ದಾಟಬೇಕು, ಸಾಹುಕಾರ್ರೇ?"

ವ್ಯಾಪಾರಿ ಮನೆಯ ಕಡೆ ಕೈ ತೋರಿಸಿದ. ಇಬ್ಬರೂ ಸೇರಿ ಅವಳನ್ನು ಎತ್ತಿ ದೋಣಿಯಲ್ಲಿ ಮಲಗಿಸಿದರು. ಸೂಲಗಿತ್ತಿಯ ಬಾಗಿಲಲ್ಲೇ ಮಗು ಹುಟ್ಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಇಂದುಧರನ ಎದೆ ಹಗುರವಾಯಿತು. ಆದರೂ ಒಂದು ಸಂಶಯ ಅವನನ್ನು ಬಿಡಲಿಲ್ಲ. "ದಿನಾ ಹೊತ್ತಿಗೆ ಸರಿಯಾಗಿ ಬರುವವನು, ಬೇಕಾದ ದಿನವೇ ತಡಮಾಡಿದನಲ್ಲ ಗುರುಗಳೇ? ಅದೂ ಊರಿನ ಕಡೆಯಿಂದ ಯಾಕೆ ಬಂದ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ದೀಪವಿದ್ದ ಪ್ರತಿ ಹೊಸ್ತಿಲಲ್ಲೂ ನಿಂತು ಕೇಳಿಕೊಂಡು ಬರಬೇಕಾಯಿತಪ್ಪ, ಅವತ್ತು ದೀಪಾವಳಿ ಅಮಾವಾಸ್ಯೆ."