ಸೂರಿನ ದೋಣಿಯ ಕೊಕ್ಕೆ

ಒಂದು ಹೊಳೆದಂಡೆಯಲ್ಲಿ ಒಂದು ಮಠ. ಯಾವ ಹೊಳೆ ಎಂದರೆ ಹೇಳುವವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಎಲ್ಲರೂ ಸತ್ಯವಂತರೇ.

ಮಠದಲ್ಲಿ ಒಬ್ಬ ಅಜ್ಜ, ಒಬ್ಬ ಶಿಷ್ಯ. ಶಿಷ್ಯ ಫಕೀರೇಶ ಆಚೆದಂಡೆಯ ಊರಿನವ. ಹೆಂಡತಿ ನೀಲವ್ವನನ್ನು ಅಲ್ಲೇ ಬಿಟ್ಟು, ಸಂಸಾರ ಸಾಕೆಂದು ಹೊಳೆ ದಾಟಿ ಬಂದಿದ್ದ.

"ಅಜ್ಜಾರ, ಸನ್ಯಾಸ ಕೊಡ್ರಿ."

"ಕೊಡೂಣಂತ. ಮಳಿಗಾಲ ಬಂತು. ಮೊದಲು ಸೂರಿಗೆ ತಗಡಿನ ದೋಣಿ ಹಾಕು. ಹೆಂಚಿನ ನೀರು ಅದರಾಗ ಹರಿದು ಹೊಳಿ ಕಡಿ ಇರೋ ಕಲ್ಲಿನ ಬಾನಿಗೆ ಬೀಳಲಿ. ಬಾನಿ ತುಂಬಿದ ದಿನ ಕೇಳು."

"ದೋಣಿಗೆ ಆಧಾರ ಏನು ಕೊಡ್ಲಿ?"

"ಅದನ್ನ ನೀನ ಆರಿಸು."

ಫಕೀರೇಶ ಹಗ್ಗ ನೋಡಿದ, ಗಾಳಿಗೆ ಜೋಲಾಡುತ್ತದೆ. ಕವೆಗೋಲು ನೋಡಿದ, ಗೆದ್ದಲು ಬಿಡುವುದಿಲ್ಲ. ಕೊನೆಗೆ ಕಬ್ಬಿಣದ ಕೊಕ್ಕೆ ತಂದ. ಆನೆ ಜೋತಾಡಿದರೂ ಬಗ್ಗದಂಥವು. ಆನೆಯೊಂದು ಜೋತಾಡಿ ನೋಡಿತ್ತು ಎನ್ನುವವರೂ ಇದ್ದಾರೆ, ಇರಲಿ.

ಸೂರಿನುದ್ದಕ್ಕೂ ನೂಲು ಹಿಡಿದು, ಒಂದಕ್ಕಿಂತ ಒಂದು ಎಳ್ಳಷ್ಟೂ ಮೇಲುಕೆಳಗಾಗದಂತೆ ಬಡಿಯತೊಡಗಿದ.

ಆಚೆದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಎರಡು ಏಟು, ಒಂದು ತಡೆ. ಎರಡು ಏಟು, ಒಂದು ತಡೆ. ಆ ತಡೆಯಲ್ಲಿ ನೀಲವ್ವ ಹಣೆಯ ಕೂದಲು ಸರಿಸುತ್ತಾಳೆ ಎಂಬುದು ಫಕೀರೇಶನಿಗೆ ನೋಡದೆಯೇ ಗೊತ್ತು.

ಅವನ ಸುತ್ತಿಗೆಯೂ ಎರಡು ಏಟು ಹಾಕಿ ತಡೆಯಿತು.

"ಸುತ್ತಗಿ ಯಾಕೋ ನಿಂತು ನಿಂತು ಬೀಳತೈತಲ್ಲ," ಎಂದರು ಒಳಗಿಂದ ಅಜ್ಜ.

"ಕೈ ಸೋತಾವ್ರಿ."

"ಕೈ? ಆತು ಬಿಡು, ಕೈನ ಇರ್ಲಿ."

ಕೊಕ್ಕೆಗಳ ಮೇಲೆ ದೋಣಿ ಕೂರಿಸಿದ್ದೇ ತಡ, ಮಧ್ಯಾಹ್ನ ಮಳೆ ಹೊಡೆಯಿತು. ದೋಣಿ ಅಂಚಿಗೆ ತುಂಬಿ, ನೀರು ನಡುವೆಯೇ ಉಕ್ಕಿ, ಅಜ್ಜನ ಪಾದುಕೆಗಳನ್ನು ಅಂಗಳದಾಚೆ ತೇಲಿಸಿಕೊಂಡು ಹೋಯಿತು. ಬಾನಿಗೆ ಬಿದ್ದದ್ದು ಬೊಗಸೆ ನೀರು.

ಮಳೆ ನಿಂತಿತು. ದೋಣಿಯೊಳಗಿನ ನೀರೂ ನಿಂತೇ ಇತ್ತು.

"ಕೊಕ್ಕಿ ಗಟ್ಟಿ ಅದಾವ್ರಿ ಅಜ್ಜಾರ. ಒಂದೂ ಅಲುಗಿಲ್ಲ."

"ಹೌದಪಾ. ನೀರೂ ಅಲುಗಿಲ್ಲ. ಇಷ್ಟು ಮಟ್ಟಸ ಯಾಕ ಬಡದಿ?"

"ನೀವ ಹೇಳ್ತೀರಲ್ರಿ, ಸಮಚಿತ್ತ ಇರಬೇಕು, ಆಚೀಚಿ ವಾಲಬಾರದು ಅಂತ."

"ತಗಡಿಗೂ ಹೇಳಿದ್ನೇನು?" ಅಜ್ಜ ಅಂಗಳದಾಚೆಯಿಂದ ಹೆಕ್ಕಿ ತಂದ ಮರದ ಪಾದುಕೆಯನ್ನು ಒದ್ದೆ ಬಟ್ಟೆಯಂತೆ ಕೊಡವಿದರು.

ಫಕೀರೇಶನಿಗೆ ನಗು ಬರಲಿಲ್ಲ.

"ನನ್ನ ಮನಸ್ಸೂ ವಾಲತೈತ್ರಿ ಅಜ್ಜಾರ, ಆ ದಂಡಿ ಕಡಿ. ಎಷ್ಟು ಬಿಗಿ ಹಿಡಿದ್ರೂ ಅಷ್ಟ. ಬಟ್ಟಿ ಒಗಿಯೋ ಸಪ್ಪಳ ಬಂದ್ರ ಸಾಕು. ಅದನ್ನೊಂದು ಮಟ್ಟಸ ಮಾಡಿಕೊಡ್ರಿ."

ಅಜ್ಜ ಏಣಿ ಹತ್ತಿದರು. ಹೊಳೆಯ ಕಡೆಯ ಕೊಕ್ಕೆ ಕಿತ್ತು ನಾಲ್ಕು ಬೆರಳು ಕೆಳಗೆ ಬಡಿದರು. ಅದರ ಹಿಂದಿನದನ್ನು ಅದಕ್ಕಿಂತ ತುಸು ಮೇಲೆ, ಹೀಗೇ ಸಾಲಿನ ಕೊನೆಯವರೆಗೆ. ಕೊಕ್ಕೆಗಳೇನೋ ಅವೇ.

ನಿಂತ ನೀರು ಒಮ್ಮೆ ನಡುಗಿತು. ಆಮೇಲೆ ಹೊಳೆಯ ಕಡೆ ಹೊರಟು, ಬಾನಿಗೆ ಧುಮುಕಿತು.

ಆಚೆದಂಡೆಯಲ್ಲಿ ಮತ್ತೆ ಎರಡು ಏಟು, ಒಂದು ತಡೆ.

ಅಜ್ಜ ಇಳಿದು ಬಂದು ಸುತ್ತಿಗೆಯನ್ನು ಫಕೀರೇಶನ ಜೋಳಿಗೆಗೆ ಹಾಕಿದರು.

"ಹರಗೋಲಿನವ ಇನ್ನೂ ದಂಡ್ಯಾಗ ಅದಾನ. ನಡಿ."

"ಮತ್ತ ಸನ್ಯಾಸ?"

"ಮೊದಲು ಇಳಿಜಾರು ನೋಡಬೇಕು, ತಮ್ಮಾ. ಕೊಕ್ಕಿ ಆಮ್ಯಾಲ."