ಬೋರಲು ಹಾಕಿದ ಮಡಕೆ

“ಗುರುಗಳೇ, ಹಳ್ಳದಾಚೆಯ ಕಾರೆಹಟ್ಟಿಯಲ್ಲಿ ಒಂದು ಶಾಸನವಿಲ್ಲ, ಒಂದು ವೀರಗಲ್ಲಿಲ್ಲ. ಇರುವುದು ಏಳೇ ಗುಡಿಸಲು. ನಿನ್ನೆ ಮಧ್ಯಾಹ್ನ ಹೋದರೆ ಕೇಳಲು ಒಬ್ಬರೂ ಸಿಗಲಿಲ್ಲ. ಆ ಊರಿಗೆ ಚರಿತ್ರೆಯಿಲ್ಲ ಎಂದು ಬರೆದುಬಿಡಲೇ?”

ಸುತ್ತಲಿನ ಊರುಗಳ ಚರಿತ್ರೆ ಬರೆಯುತ್ತಿದ್ದ ಶಿಷ್ಯ ಮರುಳಯ್ಯ ಹೀಗೆ ಕೇಳಿದಾಗ ಗುರುಗಳಿಗೆ ಸಿಟ್ಟು ನೆತ್ತಿಗೇರಿತು.

“ಬರಿ, ಬರಿ. ನಿನಗಿಂತ ಮುಂಚೆ ಒಬ್ಬ ಮಹಾನುಭಾವ ಬರೆದಿದ್ದಾನೆ. ಕೂತು ಕೇಳು” ಎಂದರು.

ಒಂದು ಊರಿತ್ತು. ಅಲ್ಲೂ ಏಳೇ ಗುಡಿಸಲು. ಹೊಲಕ್ಕೆ ಹೋಗುವಾಗ ಅಲ್ಲಿಯ ಜನ ಬಾಗಿಲಲ್ಲಿ ಒಂದು ಮಡಕೆ ಅಂಬಲಿ ಇಟ್ಟು ಹೋಗುವರು. ದಾರಿಹೋಕರು ಯಾರು ಬೇಕಾದರೂ ಕುಡಿಯಬಹುದು. ಕುಡಿದವರು ಮಡಕೆ ತೊಳೆದು ಬೋರಲು ಹಾಕಬೇಕು, ಅಷ್ಟೇ. ನೀನು ಯಾರು, ಯಾವ ಜಾತಿ ಎಂದು ಕೇಳುವವರಿಲ್ಲ.

ಕಳೆ ಕೀಳುವ ಕಾಲದಲ್ಲಿ ಅರಸನ ಕರಣಿಕನೊಬ್ಬ ಊರುಗಳನ್ನು ಬರೆದುಕೊಳ್ಳುತ್ತಾ ಮಟಮಟ ಮಧ್ಯಾಹ್ನ ಅಲ್ಲಿಗೆ ಬಂದ. ಹೊಲ ಒಂದು ಕೂಗಳತೆ ದೂರ. ಕೂಗಿದ್ದರೆ ಏಳು ಮನೆಯವರೂ ಬರುತ್ತಿದ್ದರು. ಪುಣ್ಯಾತ್ಮ ಕೂಗಲಿಲ್ಲ. ಹೊಟ್ಟೆ ತುಂಬ ಅಂಬಲಿ ಕುಡಿದ. ಮಡಕೆ ಬೋರಲು ಹಾಕಿದ. ನೆರಳಲ್ಲಿ ಕೂತು, ‘ಜನರಿಲ್ಲದ ಪಾಳುಭೂಮಿ’ ಎಂದು ಬರೆದ. ಉಂಡ ಮನೆಯ ಗಳ ಎಣಿಸುವವರನ್ನು ಕಂಡಿದ್ದೇನೆ ಮರುಳಯ್ಯ. ಇವನು ಉಂಡ ಮನೆಯೇ ಇಲ್ಲ ಎಂದ, ಥೂ!

ಅರಸ ಆ ‘ಪಾಳುಭೂಮಿ’ಯನ್ನು ಒಬ್ಬ ವರ್ತಕನಿಗೆ ಕೊಟ್ಟ. ಪೈರು ತೆನೆಗೆ ಬಂದಿತ್ತು. ವರ್ತಕ ಆಳುಗಳೊಂದಿಗೆ ಬಂದು, ಜಾಗ ಬಿಟ್ಟು ಹೊರಡಿ ಎಂದ. ಒಬ್ಬ ಮುದುಕಿ ತನ್ನ ಬಾಗಿಲ ಮಡಕೆ ಎತ್ತಿಕೊಂಡು ಅರಮನೆಗೆ ನಡೆದಳು. ಅದನ್ನು ಕರಣಿಕನ ಮುಂದೆ ಕುಕ್ಕಿದಳು.

“ಏನಪ್ಪಾ, ಊರಲ್ಲಿ ಯಾರೂ ಇರಲಿಲ್ಲವೋ? ನೀನು ಕುಡಿದ ಅಂಬಲಿ ಕಾಸಿದವರು ಯಾರು, ದೆವ್ವಗಳೋ?”

“ಅಜ್ಜಿ, ನಾನು ಕಂಡದ್ದನ್ನು ಬರೆದೆ. ಬರೆದದ್ದನ್ನು ಈಗ ಅಳಿಸಲು ಬರುವುದಿಲ್ಲ.”

ಬರುವುದಿಲ್ಲವಂತೆ! ಏಳು ಮನೆಯವರನ್ನು ಅಳಿಸಲು ಬಂತು. ಬೆಳೆದು ನಿಂತ ತೆನೆ ವರ್ತಕನ ಪಾಲಾಯಿತು. ಆ ಜನ ಹಳ್ಳ ದಾಟಿ, ಕಾರೆಮುಳ್ಳು ಕಡಿದು, ಮತ್ತೆ ಏಳು ಗುಡಿಸಲು ಹಾಕಿಕೊಂಡರು. ನೀನು ಹೇಳುವ ಕಾರೆಹಟ್ಟಿ ಅದೇ. ಅಷ್ಟಾದರೂ ಬಾಗಿಲಲ್ಲಿ ಮಡಕೆ ಇಡುವುದನ್ನು ಅವರು ಬಿಟ್ಟಿಲ್ಲ.

ಮರುಳಯ್ಯ ತಲೆ ತಗ್ಗಿಸಿ, “ಆದರೂ ಗುರುಗಳೇ, ನಾನು ಹೋದಾಗ ಊರಲ್ಲಿ ನಿಜವಾಗಿ ಯಾರೂ ಇರಲಿಲ್ಲ” ಎಂದ.

ಗುರುಗಳು ಕೇಳಿದರು: “ನಿನ್ನೆ ಹಸಿವಿಲ್ಲ ಎಂದು ಮಠದ ಊಟ ಬಿಟ್ಟೆಯಲ್ಲ, ಯಾರ ಮನೆಯ ಮಡಕೆ ಬೋರಲು ಹಾಕಿ ಬಂದಿದ್ದೆ?”